ದತ್ತು ಮಗಳ ಕೈಯಲ್ಲಿ ‘ದಿ ಪ್ರಾಮಿಸ್ಡ್ ನೆವರ್‌ಲ್ಯಾಂಡ್’: ಓದಿದವರ, ಓದಿಸಿದವರ ಅನುಭವ ಹಂಚಿಕೆ

ಕೋರಿಕೆ: 12 ವರ್ಷದ ಮಗಳ ತಾಯಿ, ಶಿವಮೊಗ್ಗ

ನಮ್ಮ ಮಗಳು ನಾಲ್ಕೂವರೆ ವರ್ಷದವಳಿದ್ದಾಗ ದತ್ತು ಸಂಸ್ಥೆಯೊಂದರಿಂದ ನಮ್ಮ ಮನೆಗೆ ಬಂದವಳು. ಆ ವಿಷಯವನ್ನು ನಾವು ಅವಳಿಂದ ಎಂದೂ ಮುಚ್ಚಿಟ್ಟಿಲ್ಲ. ಅವಳು ಮನೆಗೆ ಬಂದ ದಿನ ಪ್ರತಿವರ್ಷ ಶಾವಿಗೆ ಪಾಯಸ ಮಾಡುತ್ತೇವೆ. ಈಗ ಅವಳಿಗೆ 12 ವರ್ಷ. ಹೋದ ವಾರ ಶಾಲೆಯ ಗೆಳತಿಯೊಬ್ಬಳು ‘ದಿ ಪ್ರಾಮಿಸ್ಡ್ ನೆವರ್‌ಲ್ಯಾಂಡ್’ ಎಂಬ ಜಪಾನಿನ ಮಂಗಾದ (ಚಿತ್ರಕಥೆಯ) ಮೊದಲ ಸಂಪುಟದ ಇಂಗ್ಲಿಷ್ ಅನುವಾದವನ್ನು ಅವಳಿಗೆ ಓದಲು ಕೊಟ್ಟಿದ್ದಾಳೆ. ಅವಳು ಮಲಗಿದ ಮೇಲೆ ನಾನು ಅದನ್ನು ತೆರೆದು ನೋಡಿದೆ.

ಗ್ರೇಸ್ ಫೀಲ್ಡ್ ಎಂಬ ಅನಾಥಾಲಯದಲ್ಲಿ 38 ಮಕ್ಕಳು ‘ಮಾಮಾ’ ಎಂದು ಕರೆಯುವ ಹೆಂಗಸೊಬ್ಬಳ ಆರೈಕೆಯಲ್ಲಿ ಸುಖವಾಗಿ ಬೆಳೆಯುತ್ತಿದ್ದಾರೆ. (ನಮ್ಮಲ್ಲಿ ಮಾಮ ಎಂದರೆ ಸೋದರಮಾವ, ಅಲ್ಲಿ ಅದು ಅಮ್ಮ.) ಆರು ವರ್ಷದ ಕೋನಿಗೆ ದತ್ತು ಮನೆ ಸಿಕ್ಕಿತೆಂದು ಚೆಂದದ ಬಟ್ಟೆ ತೊಡಿಸಿ ಕಳುಹಿಸಿಕೊಡುತ್ತಾರೆ. ಅವಳು ಮರೆತು ಹೋದ ಮೊಲದ ಗೊಂಬೆಯನ್ನು ಕೊಡಲೆಂದು ಹಿಂದೆಯೇ ಓಡಿದ ಎಮ್ಮಾ ಮತ್ತು ನಾರ್ಮನ್ ಎಂಬ ಇಬ್ಬರು ಹಿರಿಯ ಮಕ್ಕಳಿಗೆ ಗೇಟಿನ ಬಳಿ ನಿಂತ ವಾಹನದೊಳಗೆ ಅವಳ ಹೆಣ ಕಾಣುತ್ತದೆ. ಅದು ರಾಕ್ಷಸರ ಊಟಕ್ಕೆಂದು ಮಕ್ಕಳನ್ನು ಸಾಕುವ ಜಾಗ. ‘ದತ್ತು ಹೋಗುವುದು’ ಎಂದರೆ ಸಾಯುವುದು. ಎಲ್ಲಕ್ಕಿಂತ ಹೆಚ್ಚಾಗಿ, ಆ ಅಮ್ಮನಿಗೆ ಎಲ್ಲವೂ ಗೊತ್ತಿದೆ.

ಮರುದಿನ ಬೆಳಿಗ್ಗೆ ಜಡೆ ಹಾಕಿಸಿಕೊಳ್ಳುತ್ತ ಮಗಳು ಕೇಳಿದಳು: “ಅಮ್ಮಾ, ನೀವು ನನ್ನನ್ನು ಕರಕೊಂಡು ಬಂದ ಮೇಲೆ ಅಲ್ಲಿದ್ದ ಬೇರೆ ಮಕ್ಕಳಿಗೆ ನಾನು ಎಲ್ಲಿದ್ದೀನಿ ಅಂತ ಯಾರಾದರೂ ಹೇಳಿದ್ರಾ?” ನನ್ನ ಕೈಯಲ್ಲಿದ್ದ ಜಡೆ ಅರ್ಧಕ್ಕೇ ನಿಂತಿತು. ಗೊತ್ತಿಲ್ಲ ಎಂದಷ್ಟೇ ಹೇಳಿದೆ. ಎರಡನೆಯ ಸಂಪುಟಕ್ಕಾಗಿ ಅವಳು ಕಾಯುತ್ತಿದ್ದಾಳೆ. ಓದಲು ಬಿಡಬೇಕೇ, ತಡೆಯಬೇಕೇ, ಜೊತೆಯಲ್ಲಿ ಕುಳಿತು ಓದಬೇಕೇ? ಇಂಥ ಸಂದರ್ಭವನ್ನು ಎದುರಿಸಿದವರು ದಯವಿಟ್ಟು ತಮ್ಮ ಅನುಭವವನ್ನು ಹೇಳಬೇಕು.

ಉತ್ತರ: ದತ್ತು ಮಗನ ತಂದೆ, ಹುಬ್ಬಳ್ಳಿ

ಮೇಡಂ, ನಾನು ಮಾಡಿದ ತಪ್ಪನ್ನು ಮೊದಲು ಹೇಳುತ್ತೇನೆ. ನಮ್ಮ ಮಗ ನಾಲ್ಕನೆಯ ವಯಸ್ಸಿನಲ್ಲಿ ನಮ್ಮಲ್ಲಿಗೆ ಬಂದವನು, ಈಗ ಅವನಿಗೆ 13. ಎರಡು ವರ್ಷದ ಹಿಂದೆ ಅವನು ಇದೇ ಕಥೆಯ ಅನಿಮೆಯನ್ನು (ಜಪಾನಿನ ಕಾರ್ಟೂನ್ ಸರಣಿಯನ್ನು) ನೋಡುತ್ತಿದ್ದ. ಮೂರನೆಯ ಕಂತಿನ ಹೊತ್ತಿಗೆ ಅದರಲ್ಲಿ ಏನಿದೆಯೆಂದು ನನಗೆ ತಿಳಿಯಿತು. ನಾನು ಟಿವಿಯನ್ನು ಆರಿಸಿ, “ಇದು ನಿನಗೆ ಬೇಡ” ಎಂದೆ. ಕಾರಣ ಹೇಳಲಿಲ್ಲ. ಗ್ರೇಸ್ ಫೀಲ್ಡಿನ ಮಕ್ಕಳಿಗೆ ಇರುವ ಕಟ್ಟಪ್ಪಣೆಯೂ ಅಂಥದ್ದೇ ಎಂದು ಆಮೇಲೆ ತಿಳಿಯಿತು: ಗೇಟಿನ ಹತ್ತಿರ ಹೋಗಬಾರದು, ಕಾಡಿನಂಚಿನ ಬೇಲಿಯನ್ನು ದಾಟಬಾರದು. ಕಾರಣ ಹೇಳದೆ ಬೇಡವೆನ್ನುವ ಹಿರಿಯರನ್ನು ಅನುಮಾನಿಸಬೇಕೆಂದು ಹೇಳುವ ಕಥೆಯನ್ನೇ ನಾನು ಕಾರಣ ಹೇಳದೆ ತಡೆದಿದ್ದೆ. ಹುಡುಗ ಉಳಿದದ್ದನ್ನು ಗೆಳೆಯನ ಮೊಬೈಲಿನಲ್ಲಿ ನೋಡಿದ, ಮನೆಯಲ್ಲಿ ನಾಲ್ಕು ದಿನ ಮೌನವಾಗಿದ್ದ. ಐದನೆಯ ದಿನ ತಾಯಿಯ ಬಳಿ, “ನನ್ನ ಬಗ್ಗೆ ಅಪ್ಪ ಏನಾದರೂ ಮುಚ್ಚಿಡ್ತಿದಾರಾ?” ಎಂದು ಕೇಳಿದ.

ಅಂದು ರಾತ್ರಿ ನಾನು ಬೀರುವಿನಿಂದ ದತ್ತು ಕಡತವನ್ನು ತೆಗೆದು ಅವನ ಮುಂದಿಟ್ಟೆ. ಅವನು ಕಾನೂನಿನ ಪ್ರಕಾರ ದತ್ತುಕೊಡಲು ಮುಕ್ತನೆಂದು ಮಕ್ಕಳ ಕಲ್ಯಾಣ ಸಮಿತಿ ಘೋಷಿಸಿದ ಪತ್ರ, ನಾವಿಬ್ಬರು ಎಂಥವರೆಂದು ಸಮಾಜ ಕಾರ್ಯಕರ್ತೆ ಮನೆಗೆ ಬಂದು ಬರೆದ ಗೃಹ ಅಧ್ಯಯನ ವರದಿ, ಅವನ ಆರೋಗ್ಯದ ವರದಿ, ನ್ಯಾಯಾಲಯದ ಆದೇಶ (ಆಗ ಆದೇಶ ನ್ಯಾಯಾಲಯದಿಂದ ಬರುತ್ತಿತ್ತು, 2022ರಿಂದ ಅದನ್ನು ಜಿಲ್ಲಾಧಿಕಾರಿಗಳು ಕೊಡುತ್ತಾರೆ), ಕೊನೆಯಲ್ಲಿ ಅನುಸರಣಾ ವರದಿಗಳು. ದತ್ತು ಹೋದ ಮಗು ಹೇಗಿದೆಯೆಂದು ಎರಡು ವರ್ಷಗಳ ಕಾಲ ಆರಾರು ತಿಂಗಳಿಗೊಮ್ಮೆ ಬಂದು ನೋಡಬೇಕೆಂಬುದು ನಿಯಮ. ಹೀಗೆ ನಾಲ್ಕು ವರದಿಗಳಿದ್ದವು. ಮೊದಲನೆಯದಕ್ಕೆ ಅಂಟಿಸಿದ ಫೋಟೋದಲ್ಲಿ ಅವನು ಗೋಡೆಗೆ ಒರಗಿ, ಕೈಯಲ್ಲಿ ಅರ್ಧ ತಿಂದ ಬಾಳೆಹಣ್ಣು ಹಿಡಿದು ನಿಂತಿದ್ದಾನೆ. ಅದನ್ನು ತುಂಬ ಹೊತ್ತು ನೋಡಿದ. “ಆ ಅಮ್ಮ ಬಂದು ಏನು ಕೇಳಿದ್ರು?” ಎಂದ. ನಿನ್ನ ಹಾಸಿಗೆ ಯಾವುದು ಎಂದು ನಿನ್ನನ್ನೇ ಕೇಳಿದರು, ನೀನು ಅವರ ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ ತೋರಿಸಿದೆ ಎಂದೆ. ಆಗ ಅವನು ಹೇಳಿದ ಮಾತನ್ನು ನಾನು ಮರೆಯಲಾರೆ: “ಕೋನಿಯನ್ನು ನೋಡೋಕೆ ಯಾರೂ ಹೋಗಲಿಲ್ಲ.”

ಆದ್ದರಿಂದ ನಿಮ್ಮ ಮಗಳು ಕೇಳುವ ಮೊದಲೇ ಕಡತವನ್ನು ತೆಗೆದಿಡಿ ಎಂಬುದು ನನ್ನ ಸಲಹೆ. ದತ್ತು ಎಂದರೆ ಗೇಟಿನಾಚೆ ಕತ್ತಲಲ್ಲಿ ಮಾಯವಾಗುವುದೆಂದು ಕಥೆ ಹೇಳುತ್ತದೆ. ನಿಜವಾದ ದತ್ತಿನಲ್ಲಿ ಎಷ್ಟು ಜನರ ಕಣ್ಣು ಒಂದು ಮಗುವಿನ ಮೇಲಿರುತ್ತದೆ ಎಂಬುದನ್ನು ಆ ಕಾಗದಗಳೇ ತೋರಿಸುತ್ತವೆ. ಮಗುವಿಗೆ ನೋವಾಗುವಂಥ ವಿವರ ಕಡತದಲ್ಲಿದ್ದರೆ ಅದನ್ನು ಮೊದಲು ನೀವು ಓದಿ, ಹೇಗೆ ಹೇಳಬೇಕೆಂದು ಇಬ್ಬರೂ ಮಾತಾಡಿಕೊಂಡು ಆಮೇಲೆ ತೋರಿಸಿ. ಇನ್ನೊಂದು ಎಚ್ಚರ. “ನಾವು ಬಂದು ನಿನ್ನನ್ನು ಉಳಿಸಿದೆವು, ಇಲ್ಲದಿದ್ದರೆ ನಿನ್ನ ಗತಿ ಏನಾಗುತ್ತಿತ್ತು” ಎಂಬ ಮಾತು ತಮಾಷೆಗೂ ಬಾಯಲ್ಲಿ ಬರಬಾರದು. ನಮ್ಮ ಹಿರಿಯ ನೆಂಟರೊಬ್ಬರು ಆ ಅರ್ಥದ ಮಾತಾಡಿದಾಗ ಮಗ ಎದ್ದು ಹೊರಗೆ ಹೋದ. ಋಣದ ಮಾತು ಬಂದ ಕಡೆ ಮಗುವಿಗೆ ಅಪ್ಪ ಅಮ್ಮ ಕಾಣುವುದಿಲ್ಲ, ಸಾಲ ಕೊಟ್ಟವರು ಕಾಣುತ್ತಾರೆ.

ಮುಂದೆ ನಾವು ಮೊದಲ ಋತುವಿನ (ಸೀಸನ್‌ನ) 12 ಕಂತುಗಳನ್ನು ಆರಂಭದಿಂದ, ಭಾನುವಾರಕ್ಕೆ ಎರಡರಂತೆ, ಒಟ್ಟಿಗೆ ಕುಳಿತು ನೋಡಿದೆವು. ನಡುನಡುವೆ ನಿಲ್ಲಿಸಿ ಮಾತಾಡಿದೆವು. ಮಕ್ಕಳು ತಪ್ಪಿಸಿಕೊಳ್ಳಲು ಹಾಕುವ ಲೆಕ್ಕಾಚಾರದಲ್ಲಿ ನನಗಿಂತ ಅವನೇ ಚುರುಕಾಗಿದ್ದ.

ಉತ್ತರ: ಇಬ್ಬರು ಹೆಣ್ಣುಮಕ್ಕಳ ತಾಯಿ, ಮಂಗಳೂರು

ನಾನು ಸ್ವಲ್ಪ ಭಿನ್ನವಾಗಿ ಹೇಳಬೇಕಾಗಿದೆ. ನನ್ನ ಮಕ್ಕಳು ಹೊಟ್ಟೆಯಲ್ಲಿ ಹುಟ್ಟಿದವರು, ದತ್ತಿನ ಪ್ರಶ್ನೆ ನಮ್ಮಲ್ಲಿರಲಿಲ್ಲ. ಆದರೂ 11 ವರ್ಷದ ಹಿರಿಯಳು ಮೊದಲ ಸಂಪುಟವನ್ನು ಓದಿದ ಮೇಲೆ ಮೂರು ವಾರ ದೀಪ ಆರಿಸಲು ಬಿಡಲಿಲ್ಲ. ಕೋನಿಯ ತೆರೆದ ಕಣ್ಣುಗಳು ಮತ್ತು ಎದೆಯಲ್ಲಿ ನೆಟ್ಟ ಹೂವು ಇರುವ ಆ ಒಂದು ಪುಟ ಅವಳ ತಲೆಯಿಂದ ಹೋಗಲಿಲ್ಲ. ನಾನು ಪುಸ್ತಕವನ್ನು ಕಿತ್ತುಕೊಳ್ಳಲಿಲ್ಲ. “ಇದನ್ನು ಬೀರುವಿನಲ್ಲಿ ಇಡೋಣ, ನೀನು ಕೇಳಿದ ದಿನ ಕೊಡುತ್ತೇನೆ” ಎಂದೆ. ಎರಡು ವರ್ಷ ಬಿಟ್ಟು ಕೇಳಿದಳು, ಕೊಟ್ಟೆ, ಒಂದೇ ಉಸಿರಿಗೆ ಓದಿದಳು. ಇಂಗ್ಲಿಷ್ ಆವೃತ್ತಿಯ ಪ್ರಕಾಶಕರೇ ಇದನ್ನು ಹಿರಿಯ ಹದಿಹರೆಯದವರಿಗೆಂದು ಗುರುತಿಸಿದ್ದಾರೆ. ನಿಮ್ಮ ಮಗಳು ರಾತ್ರಿ ಹೇಗೆ ನಿದ್ದೆ ಮಾಡುತ್ತಿದ್ದಾಳೆ ಎಂಬುದನ್ನು ನೋಡಿ. ಮಿಕ್ಕ ಎಲ್ಲ ಚರ್ಚೆ ಆಮೇಲೆ.

ಉತ್ತರ: ಮಕ್ಕಳ ಮನೆಯಲ್ಲಿ ಬೆಳೆದವಳು, ಶುಶ್ರೂಷಕಿ, ಬೆಂಗಳೂರು

ಅಕ್ಕಾ, ನಿಮ್ಮ ಮಗಳ ಪ್ರಶ್ನೆಯನ್ನು ಓದಿ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ, ಏಕೆಂದರೆ ಆ ಪ್ರಶ್ನೆಯ ಇನ್ನೊಂದು ತುದಿಯಲ್ಲಿ ಇದ್ದವಳು ನಾನು. ನಾನು ಐದನೆಯ ವಯಸ್ಸಿನಿಂದ 18 ತುಂಬುವವರೆಗೆ ಮಕ್ಕಳ ಮನೆಯೊಂದರಲ್ಲಿ ಬೆಳೆದೆ. ನನ್ನನ್ನು ಯಾರೂ ದತ್ತು ತೆಗೆದುಕೊಳ್ಳಲಿಲ್ಲ. ಈ ಮಂಗಾವನ್ನು ಓದಿದ್ದು 24ನೆಯ ವಯಸ್ಸಿನಲ್ಲಿ, ಹಾಸ್ಟೆಲಿನ ಕೋಣೆಯ ಜೊತೆಗಾತಿ ಕೊಟ್ಟದ್ದರಿಂದ.

ರಾಕ್ಷಸರು ನನ್ನನ್ನು ಹೆದರಿಸಲಿಲ್ಲ. ಮೊದಲ ಅಧ್ಯಾಯದಲ್ಲಿಯೇ ಮಕ್ಕಳು ಆಡುವ ಒಂದು ಮಾತಿದೆ: ಇಲ್ಲಿಂದ ಹೋದವರು ಯಾರೂ ಒಂದು ಕಾಗದವನ್ನೂ ಬರೆಯುವುದಿಲ್ಲ. ಹೊಸ ಮನೆಯಲ್ಲಿ ಅಷ್ಟು ಸುಖವಾಗಿದ್ದಾರೆ, ಅದಕ್ಕೇ ಮರೆತಿದ್ದಾರೆ ಎಂದು ಅವರು ಸಮಾಧಾನ ಮಾಡಿಕೊಳ್ಳುತ್ತಾರೆ. ಅಲ್ಲಿ ನಾನು ಪುಸ್ತಕವನ್ನು ಮುಚ್ಚಿದೆ. ನಮ್ಮಲ್ಲಿಯೂ ಹಾಗೆಯೇ ಇತ್ತು. ನನ್ನ ಪಕ್ಕದ ಮಂಚದಲ್ಲಿ ಮಲಗುತ್ತಿದ್ದ ಪುಟ್ಟ ಹುಡುಗಿಗೆ ತಲೆಗೆ ಎಣ್ಣೆ ಹಚ್ಚಿ, ಎರಡು ಜಡೆ ಹಾಕಿ, ನೀಲಿ ರಿಬ್ಬನ್ ಕಟ್ಟಿದ್ದು ನಾನೇ. ಕಾರು ಗೇಟು ದಾಟಿತು. ನಾಲ್ಕನೆಯ ದಿನಕ್ಕೆ ಆ ಮಂಚದಲ್ಲಿ ಬೇರೆ ಮಗು ಮಲಗಿತ್ತು. ಅವಳು ಚೆನ್ನಾಗಿದ್ದಾಳೆ ಎಂದು ನಮಗೆ ಹೇಳುವುದು ಯಾರ ಕೆಲಸವೂ ಆಗಿರಲಿಲ್ಲ. ದತ್ತು ಹೋದ ಮಗುವಿನ ವಿಳಾಸವನ್ನು ಗುಟ್ಟಾಗಿಡಬೇಕೆಂಬ ನಿಯಮವಿದೆ, ಅದು ಸರಿಯಾದದ್ದೇ, ಆ ಮಗುವಿನ ರಕ್ಷಣೆಗಾಗಿ ಇರುವುದು. ಆದರೆ ಏಳೆಂಟು ವರ್ಷದ ನಮಗೆ ನಿಯಮ ಗೊತ್ತಿರಲಿಲ್ಲ. ಹೋದವರು ಹೋದರು ಎಂಬುದಷ್ಟೇ ಗೊತ್ತಿತ್ತು.

ಗ್ರೇಸ್ ಫೀಲ್ಡಿನ ಮಕ್ಕಳ ಕೊರಳ ಮೇಲೆ ಐದಂಕಿಯ ಸಂಖ್ಯೆ ಇದೆ. ಎಮ್ಮಾಳದ್ದು 63194. ನನ್ನ ಟ್ರಂಕಿನ ಮೇಲೆ ಬಿಳಿಯ ಬಣ್ಣದಲ್ಲಿ 17 ಎಂದು ಬರೆದಿತ್ತು, ತಟ್ಟೆಯ ಅಂಚಿನಲ್ಲಿಯೂ ಅದೇ ಇತ್ತು. ಅದು ಕೊಳೆಬಟ್ಟೆ ಬೆರೆಯದಿರಲೆಂದು ಮಾಡಿದ ವ್ಯವಸ್ಥೆಯಷ್ಟೇ, ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ ಚಿತ್ರದಲ್ಲಿ ಆ ಸಂಖ್ಯೆಗಳನ್ನು ನೋಡಿದಾಗ ನನ್ನ ಕೈ ತಾನಾಗಿಯೇ ಕೊರಳಿಗೆ ಹೋಯಿತು. ಇಂಥ ನೆನಪುಗಳು ನಿಮ್ಮ ಮಗಳಲ್ಲಿಯೂ ಇರಬಹುದು. ನಾಲ್ಕೂವರೆ ವರ್ಷದ ಮಗುವಿಗೆ ವಾಸನೆ, ಬಣ್ಣ, ತಟ್ಟೆಯ ಸದ್ದು ಉಳಿದಿರುತ್ತವೆ, ಮಾತಿನಲ್ಲಿ ಹೇಳಲು ಬರುವುದಿಲ್ಲ. ಕಥೆಯಲ್ಲಿ ರೇ ಎಂಬ ಹುಡುಗನಿಗೆ ಹುಟ್ಟುವ ಮೊದಲಿನ ನೆನಪೂ ಅಳಿದಿರುವುದಿಲ್ಲ. ಎಲ್ಲವೂ ಗೊತ್ತಿದ್ದು, ವರ್ಷಗಟ್ಟಲೆ ಒಬ್ಬನೇ ಆ ಭಾರವನ್ನು ಹೊತ್ತವನು ಅವನು. ಅವಳು ರೇ ಬಗ್ಗೆ ಏನು ಹೇಳುತ್ತಾಳೆಂದು ಗಮನಿಸಿ.

ಒಂದು ವಿಷಯದಲ್ಲಿ ನನಗೆ ಈ ಕಥೆಯ ಮೇಲೆ ನೋವಿದೆ. ಓದಿ ಮುಗಿಸಿದ ಜೊತೆಗಾತಿ, “ನಿಮ್ಮಲ್ಲಿಯೂ ಒಳಗೊಳಗೆ ಏನಾದರೂ ನಡೀತಿತ್ತಾ?” ಎಂದು ಕೇಳಿದಳು. ನಮ್ಮ ಆಯಾ ಸಣ್ಣ ಮಕ್ಕಳಿಗೆ ಜ್ವರ ಬಂದರೆ ತಮ್ಮ ಸೆರಗಿನಲ್ಲಿ ಸುತ್ತಿಕೊಂಡು ರಾತ್ರಿಯಿಡೀ ಕೂರುತ್ತಿದ್ದರು. ಅವರ ಮುಖ ಕಣ್ಣ ಮುಂದೆ ಬಂದು ನನಗೆ ಉತ್ತರ ಕೊಡಲು ಆಗಲಿಲ್ಲ. ಅನಾಥಾಲಯಗಳಲ್ಲಿ ಅನ್ಯಾಯ ನಡೆದದ್ದೂ ಉಂಟು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಿಮ್ಮ ಮಗಳನ್ನು ನಾಲ್ಕೂವರೆ ವರ್ಷ ಎತ್ತಿ ಆಡಿಸಿದ ಕೈಗಳ ಬಗ್ಗೆ ಅವಳಿಗೆ ಅನುಮಾನ ಉಳಿಯಬಾರದು. ಅವರಲ್ಲಿ ಯಾರಾದರೂ ನಿಮಗೆ ನೆನಪಿದ್ದರೆ ಅವರ ಬಗ್ಗೆ ಈಗಲೇ ಹೇಳಿ.

ಇಸಾಬೆಲ್ಲಾ ಎಂಬ ಆ ‘ಮಾಮಾ’ಳನ್ನು ಮಾತ್ರ ಕಥೆಗಾರರು ಬಹಳ ನಿಜವಾಗಿ ಬರೆದಿದ್ದಾರೆ. ಅವಳೂ ಅಂಥದೇ ಮನೆಯಲ್ಲಿ ಬೆಳೆದ ಹುಡುಗಿ. ತಪ್ಪಿಸಿಕೊಳ್ಳಲೆಂದು ಗೋಡೆ ಹತ್ತಿ, ಆಚೆಗಿರುವ ಆಳವಾದ ಕಂದಕವನ್ನು ಕಂಡು ಕೈಚೆಲ್ಲಿದವಳು. ಬದುಕಿ ಉಳಿಯಲು ಅವಳಿಗೆ ಉಳಿದ ದಾರಿ ಇನ್ನೊಬ್ಬರ ಮಕ್ಕಳನ್ನು ಸಾಕಿ ಕೊಡುವುದೊಂದೇ. ಅವಳ ಪ್ರೀತಿ ಸುಳ್ಳಲ್ಲ, ಅದೇ ಭಯಂಕರವಾದದ್ದು. ಐದನೆಯ ಸಂಪುಟದಲ್ಲಿ ಮಕ್ಕಳು ಕಂದಕ ದಾಟಿ ಹೋದ ಮೇಲೆ ಅವಳು ಬಿಗಿದ ತನ್ನ ಕೂದಲನ್ನು ಬಿಚ್ಚಿ, ಅವರ ಜಾಡು ಸಿಗದಂತೆ ಹಗ್ಗಗಳನ್ನು ತೆಗೆದುಹಾಕುತ್ತಾಳೆ. ಆ ಪುಟವನ್ನು ಮಗಳೊಂದಿಗೆ ನಿಧಾನವಾಗಿ ಓದಿ.

ಇನ್ನು ನಿಮ್ಮ ಮಗಳ ಪ್ರಶ್ನೆ. ತಪ್ಪಿಸಿಕೊಳ್ಳುವ ಯೋಜನೆ ಹಾಕುವಾಗ ರೇ, ಕೈಲಾಗುವವರು ಮಾತ್ರ ಹೋಗೋಣ ಎನ್ನುತ್ತಾನೆ. ಎಮ್ಮಾ ಒಪ್ಪುವುದಿಲ್ಲ, ಎಲ್ಲರನ್ನೂ ಕರೆದೊಯ್ಯಬೇಕು ಎನ್ನುತ್ತಾಳೆ. ಕೊನೆಗೆ ಐದು ವರ್ಷ ತುಂಬದ ಪುಟಾಣಿಗಳನ್ನು ಫಿಲ್ ಎಂಬ ನಾಲ್ಕು ವರ್ಷದ ಹುಡುಗನ ಭರವಸೆಯ ಮೇಲೆ ಬಿಟ್ಟು, ಮತ್ತೆ ಬಂದು ಕರೆದೊಯ್ಯುತ್ತೇನೆಂದು ಮಾತು ಕೊಟ್ಟು, 15 ಮಕ್ಕಳು ಹೊರಡುತ್ತಾರೆ. ನಿಮ್ಮ ಮಗಳು ನಿಮ್ಮನ್ನು ಅನುಮಾನಿಸಿ ಕೇಳಿದ ಪ್ರಶ್ನೆ ಅದಲ್ಲವೆಂದು ನನಗೆ ಅನ್ನಿಸುತ್ತದೆ. ಅವಳಿಗೆ ಬಿಟ್ಟು ಬಂದವರ ನೆನಪಾಗಿದೆ. ಆ ಸಂಸ್ಥೆಗೆ ಅವಳ ಕೈಯಿಂದ ಒಂದು ಕಾಗದ ಬರೆಸಿ. ವಿಳಾಸ, ಶಾಲೆಯ ಹೆಸರು ಬೇಡ. ಆಗಿನ ಮಕ್ಕಳು ಈಗ ಅಲ್ಲಿ ಇರಲಾರರು, ಆದರೂ ಬರೆಸಿ. ನಮಗೆ ಅಂಥ ಒಂದು ಕಾಗದ ಬಂದಿದ್ದರೆ ಅದನ್ನು ಗೋಡೆಗೆ ಅಂಟಿಸಿ ಅಕ್ಷರ ಮಾಸುವವರೆಗೆ ಓದುತ್ತಿದ್ದೆವು.

ಉತ್ತರ: ಶಾಲಾ ಗ್ರಂಥಪಾಲಕಿ, ಮೈಸೂರು

ಹೃದಯದ ಮಾತನ್ನು ಮೇಲಿನವರು ಹೇಳಿದ್ದಾರೆ. ನಾನು ಪುಸ್ತಕದ ಬಗ್ಗೆ ತಿಳಿದಿರಬೇಕಾದದ್ದನ್ನು ಹೇಳುತ್ತೇನೆ, ಏಕೆಂದರೆ ನಮ್ಮ ಗ್ರಂಥಾಲಯದಲ್ಲಿ ಪ್ರೌಢಶಾಲೆಯ ಮಕ್ಕಳು ಸರದಿ ಹಿಡಿದು ಒಯ್ಯುವ ಪುಸ್ತಕ ಇದು.

ಕಥೆ ಕಾಯು ಶಿರಾಯಿ ಅವರದು, ಚಿತ್ರ ಪೊಸುಕಾ ಡೆಮಿಜು ಅವರದು. 2016ರ ಆಗಸ್ಟ್‌ನಿಂದ 2020ರ ಜೂನ್‌ವರೆಗೆ ‘ವೀಕ್ಲಿ ಶೋನೆನ್ ಜಂಪ್’ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು 181 ಅಧ್ಯಾಯಗಳಲ್ಲಿ ಮುಗಿಯಿತು. ಒಟ್ಟು 20 ಸಂಪುಟಗಳು. 2018ರಲ್ಲಿ ಶೋಗಾಕುಕಾನ್ ಮಂಗಾ ಪ್ರಶಸ್ತಿಯೂ ದೊರೆಯಿತು. ಮೊದಲ ಸಲ ಮಂಗಾ ಕೈಗೆತ್ತಿಕೊಳ್ಳುವ ತಂದೆತಾಯಿಯರು ಪುಸ್ತಕವನ್ನು ಬಲಗಡೆಯಿಂದ ತೆರೆದು, ಪುಟದೊಳಗಿನ ಚಿತ್ರಗಳನ್ನೂ ಬಲದಿಂದ ಎಡಕ್ಕೆ ಓದಬೇಕು. ಇದನ್ನು ತಿಳಿಯದೆ ಕೊನೆಯ ಪುಟವನ್ನು ಮೊದಲು ನೋಡಿ ಗಾಬರಿಯಾದ ಪೋಷಕರನ್ನು ನಾನು ಕಂಡಿದ್ದೇನೆ.

ಮೊದಲ ಐದು ಸಂಪುಟಗಳನ್ನು ಒಂದು ಘಟಕವೆಂದು ತಿಳಿಯಿರಿ. ಗ್ರೇಸ್ ಫೀಲ್ಡಿನ ರಹಸ್ಯ, ಮಾಮಾಳೊಂದಿಗೆ ಮಕ್ಕಳ ಬುದ್ಧಿಯ ಸೆಣಸಾಟ, ತಪ್ಪಿಸಿಕೊಳ್ಳುವುದು, ಇಷ್ಟು ಅವುಗಳಲ್ಲಿವೆ. ಇಲ್ಲಿ ರಕ್ತ ಕಡಿಮೆ, ಭಯ ಹೆಚ್ಚು. ಓದುಗರಿಗೆ ಕಷ್ಟವಾಗುವ ಎಡೆಗಳು ನಾಲ್ಕು: ಮೊದಲ ಅಧ್ಯಾಯದ ಕೊನೆ, ಮಾಮಾ ಎಮ್ಮಾಳ ಕಾಲು ಮುರಿಯುವುದು, ಜಾಡು ಹಿಡಿಯುವ ಸಾಧನವನ್ನು ತೆಗೆದುಹಾಕಲು ಎಮ್ಮಾ ತನ್ನ ಎಡಗಿವಿಯನ್ನೇ ಕತ್ತರಿಸಿಕೊಂಡದ್ದು, ತನ್ನ 12ನೆಯ ಹುಟ್ಟುಹಬ್ಬದ ಹಿಂದಿನ ರಾತ್ರಿ ಮೈಗೆ ಬೆಂಕಿ ಹಚ್ಚಿಕೊಳ್ಳಲು ರೇ ಸಿದ್ಧನಾಗುವುದು. ಕೊನೆಯದನ್ನು ಮನಸ್ಸು ಕುಗ್ಗಿರುವ ಮಗು ಒಬ್ಬಂಟಿಯಾಗಿ ಓದಬಾರದು. ಹಾಗೆಯೇ ಕ್ರೋನ್ ಎಂಬ ಕಪ್ಪು ಬಣ್ಣದ ಸಹಾಯಕಿಯನ್ನು ಚಿತ್ರಿಸಿದ ಬಗೆಗೆ ಹೊರದೇಶಗಳ ಓದುಗರು ಮಾಡಿದ ಆಕ್ಷೇಪ ನನಗೆ ನ್ಯಾಯವೆನ್ನಿಸುತ್ತದೆ. ಬೇರೆಯವರ ಮುಖ ಸಹಜವಾಗಿರುವಲ್ಲಿ ಅವಳ ತುಟಿ, ಕಣ್ಣುಗಳನ್ನು ವಿಕಾರವಾಗಿ ಉಬ್ಬಿಸಿದ್ದಾರೆ. ಮಕ್ಕಳಿಗೆ ಅದನ್ನು ತೋರಿಸಿ ಮಾತಾಡಬೇಕು.

ಎಂಟರಿಂದ ಹನ್ನೊಂದನೆಯ ಸಂಪುಟದವರೆಗೆ ಗೋಲ್ಡಿ ಪಾಂಡ್ ಎಂಬ ಜಾಗದಲ್ಲಿ ರಾಕ್ಷಸ ಶ್ರೀಮಂತರು ಮಕ್ಕಳನ್ನು ಬೇಟೆಯಾಡುವ ಭಾಗವಿದೆ. ಅಲ್ಲಿ ಹಿಂಸೆ ಬಹಳ. 12 ವರ್ಷಕ್ಕೆ ಅದು ಬೇಡವೆಂಬುದು ನನ್ನ ಅಭಿಪ್ರಾಯ. ಐದನೆಯ ಸಂಪುಟದಲ್ಲಿ ನಿಲ್ಲಿಸಿ ಒಂದೆರಡು ವರ್ಷ ಬಿಟ್ಟು ಮುಂದುವರಿಸಿದರೆ ಕಥೆಗೆ ನಷ್ಟವಿಲ್ಲ. ಅನಿಮೆಯ ಮೊದಲ ಋತು, 2019ರದು, ಇದೇ ಐದು ಸಂಪುಟಗಳ ಕಥೆಯನ್ನು ನಿಷ್ಠೆಯಿಂದ ಹೇಳುತ್ತದೆ. 2021ರ ಎರಡನೆಯ ಋತುವನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಗೋಲ್ಡಿ ಪಾಂಡ್ ಭಾಗವನ್ನೇ ಕೈಬಿಟ್ಟು, ಉಳಿದ ಹಲವು ಸಂಪುಟಗಳನ್ನು 11 ಕಂತುಗಳಲ್ಲಿ ತುರುಕಿ, ಕೊನೆಯಲ್ಲಿ ಒಂದಿಷ್ಟು ಸ್ಥಿರಚಿತ್ರಗಳನ್ನು ಓಡಿಸಿ ಮುಗಿಸಿದ್ದಾರೆ. ಮಕ್ಕಳು ಮನಸ್ಸಿಟ್ಟು ಕೇಳಿದ ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿಲ್ಲ.

ಗ್ರಂಥಪಾಲಕಿಯಾಗಿ ನನಗೆ ಅತ್ಯಂತ ಪ್ರಿಯವಾದ ಎಡೆ ಬೇರೆಯಿದೆ. ಅನಾಥಾಲಯದ ಪುಸ್ತಕಗಳಲ್ಲಿ ಕೆಲವನ್ನು ಮಿನರ್ವಾ ಎಂಬಾತ ಕೊಟ್ಟಿರುತ್ತಾನೆ. ಆ ಪುಸ್ತಕಗಳೊಳಗೆ ಅಂಟಿಸಿದ ಗೂಬೆಯ ಮುದ್ರೆಯ ಸುತ್ತಲಿನ ಚುಕ್ಕಿ ಗೆರೆಗಳು ಮೋರ್ಸ್ ಸಂಕೇತವೆಂದು ಮಕ್ಕಳು ಕಂಡುಹಿಡಿಯುತ್ತಾರೆ. ಬಿಡಿಸಿ ಓದಿದರೆ ಓಡು, ಅಪಾಯ, ಅನುಮಾನಿಸು ಎಂಬ ಮಾತುಗಳು. ಹೊರಗಿನ ಲೋಕದ ಯಾರೋ ಒಬ್ಬರು, ನಿಮಗೆ ಓದಲು ಬರುತ್ತದೆ ಎಂದು ನಂಬಿ, ಪುಸ್ತಕದ ಮೂಲಕ ಮಾತಾಡಿದ್ದಾರೆ. ಈ ಪುಟ ಓದಿದ ಮೇಲೆ ನಮ್ಮ ಎಂಟನೆಯ ತರಗತಿಯ ಇಬ್ಬರು ಹುಡುಗಿಯರು ಗ್ರಂಥಾಲಯದ ಮುದ್ರೆಗಳನ್ನೆಲ್ಲ ಭೂತಗನ್ನಡಿ ಹಿಡಿದು ನೋಡಿದರು.

ಹಿರಿಯರು ಇದನ್ನು ಪರದೇಶದ ವಿಕೃತ ಕಲ್ಪನೆ ಎಂದು ತಳ್ಳಿಹಾಕುವುದನ್ನು ಕೇಳಿದ್ದೇನೆ. ಬಕಾಸುರನ ಕಥೆಯನ್ನು ನಾವು ಅನ್ನ ಕಲಸುತ್ತ ಮಕ್ಕಳಿಗೆ ಹೇಳಿದವರೇ ಅಲ್ಲವೇ? ಏಕಚಕ್ರದ ಜನ ರಾಕ್ಷಸನೊಂದಿಗೆ ಒಪ್ಪಂದ ಮಾಡಿಕೊಂಡು, ಸರದಿಯಂತೆ ಬಂಡಿ ಅನ್ನದ ಜೊತೆ ಮನೆಗೊಬ್ಬರನ್ನು ಕಳುಹಿಸುತ್ತಿದ್ದರು. ಉಳಿದವರು ನೆಮ್ಮದಿಯಾಗಿ ಬದುಕುತ್ತಿದ್ದರು. ಈ ಮಂಗಾದಲ್ಲಿಯೂ ಸಾವಿರ ವರ್ಷದ ಹಿಂದೆ ಮನುಷ್ಯರು ರಾಕ್ಷಸರೊಂದಿಗೆ ಮಾಡಿಕೊಂಡ ಒಡಂಬಡಿಕೆಯೇ ಎಲ್ಲದರ ಮೂಲ. ಜಪಾನಿ ಹೆಸರಿನಲ್ಲಿರುವ ‘ಯಾಕುಸೋಕು’ ಎಂದರೆ ಕೊಟ್ಟ ಮಾತು, ನಾವು ಭಾಷೆ ಎನ್ನುತ್ತೇವಲ್ಲ ಅದು. ವ್ಯತ್ಯಾಸವೆಂದರೆ ನಮ್ಮ ಕಥೆಯಲ್ಲಿ ಬಂಡಿ ಹತ್ತುವವನು ಭೀಮ, ಇಲ್ಲಿ ಬಂಡಿ ಹತ್ತುವುದು ಆರು ವರ್ಷದ ಕೋನಿ. ಏಕಚಕ್ರದ ಪಾಳಿಯ ಮನೆಯಲ್ಲಿದ್ದ ಆ ಪುಟ್ಟ ಮಗುವಿನ ಕಡೆಯಿಂದ ಕಥೆಯನ್ನು ಹೇಳಿದರೆ ಹೇಗಿರುತ್ತದೆಯೋ ಹಾಗಿದೆ ಇದು.

ಉತ್ತರ: ದತ್ತು ಮಗಳು, 21 ವರ್ಷ, ಧಾರವಾಡ

ನಾನು 14ನೆಯ ವಯಸ್ಸಿನಲ್ಲಿ ಆರಂಭಿಸಿ, ಕೊನೆಯ ಸಂಪುಟದವರೆಗೆ ಓದಿದವಳು. ಕೊನೆಯನ್ನು ಹೇಳಿಬಿಡುತ್ತೇನೆ, ಏಕೆಂದರೆ ಆಂಟಿ ನಿರ್ಧಾರ ಮಾಡಲು ಅದು ಬೇಕು. ತಿಳಿಯಬಾರದೆನ್ನುವವರು ಈ ಉತ್ತರವನ್ನು ದಾಟಿ ಹೋಗಿ.

ಎಲ್ಲ ಮಕ್ಕಳನ್ನೂ ಮನುಷ್ಯರ ಲೋಕಕ್ಕೆ ದಾಟಿಸುವ ಹೊಸ ಒಡಂಬಡಿಕೆಗೆ ಬೆಲೆಯಾಗಿ ಎಮ್ಮಾ ತನ್ನ ಕುಟುಂಬದ ನೆನಪನ್ನೆಲ್ಲ ಕಳೆದುಕೊಳ್ಳುತ್ತಾಳೆ. ಉಳಿದವರು ಎರಡು ವರ್ಷ ಹುಡುಕಿ ಅವಳನ್ನು ಕಂಡುಹಿಡಿದಾಗ ಅವಳಿಗೆ ಅವರ ಗುರುತೇ ಸಿಗುವುದಿಲ್ಲ, ಆದರೆ ಕಣ್ಣಿನಲ್ಲಿ ನೀರು ಬರುತ್ತದೆ. ಅವರು ಅವಳಿಗೆ, ನೆನಪಿಲ್ಲದಿದ್ದರೂ ಇರಲಿ, ಇಂದಿನಿಂದ ಮತ್ತೆ ಒಟ್ಟಿಗಿರೋಣ ಎನ್ನುತ್ತಾರೆ. ರಕ್ತವೂ ಇಲ್ಲ, ನೆನಪೂ ಇಲ್ಲ, ಆದರೂ ಕುಟುಂಬವಿದೆ. ನನ್ನ ಹಡೆದ ತಾಯಿಯ ಬಗ್ಗೆ ನನಗೆ ಯಾವ ನೆನಪೂ ಇಲ್ಲ. ನನಗೆ ಆ ಪುಟಗಳು ಕೊಟ್ಟ ಧೈರ್ಯವನ್ನು ಯಾವ ಉಪದೇಶವೂ ಕೊಟ್ಟಿರಲಿಲ್ಲ. ಆದ್ದರಿಂದ ಐದನೆಯ ಸಂಪುಟಕ್ಕೆ ನಿಲ್ಲಿಸಿದರೂ, ಮುಂದೆಂದಾದರೂ ಕೊನೆಯವರೆಗೆ ಓದಲು ಅವಳಿಗೆ ಅವಕಾಶವಿರಲಿ.

ನನ್ನ ಓದಿನಿಂದ ಹುಟ್ಟಿದ ಇನ್ನೊಂದು ಪ್ರಶ್ನೆಗೆ ನನ್ನ ಅಪ್ಪ ಅಮ್ಮ ಸಿದ್ಧರಿರಲಿಲ್ಲ. ರೇ ಇಸಾಬೆಲ್ಲಾಳ ಹೊಟ್ಟೆಯಲ್ಲಿ ಹುಟ್ಟಿದ ಮಗನೆಂದು ತಿಳಿದಾಗ ನಾನು, “ನನ್ನನ್ನು ಹೆತ್ತವಳನ್ನು ಹುಡುಕಬಹುದೇ?” ಎಂದು ಕೇಳಿದೆ. ಅಮ್ಮ ಅಡುಗೆಮನೆಗೆ ಹೋಗಿ ಅತ್ತರು. ಮೂಲ ಶೋಧ ಎಂಬ ವ್ಯವಸ್ಥೆ ಕಾನೂನಿನಲ್ಲಿಯೇ ಇದೆ. 18 ತುಂಬಿದವರು ತಾವೇ, ಅದಕ್ಕಿಂತ ಚಿಕ್ಕವರು ದತ್ತು ತಂದೆತಾಯಿಯರ ಜೊತೆ ಸೇರಿ ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ನಾನು ಈವರೆಗೆ ಸಲ್ಲಿಸಿಲ್ಲ. ಆದರೆ “ನೀನು ಬಯಸಿದ ದಿನ ನಿನ್ನ ಜೊತೆ ಬರುತ್ತೇವೆ” ಎಂದು ಅಪ್ಪ ಹೇಳಿದ ರಾತ್ರಿ ನನಗೆ ಚೆನ್ನಾಗಿ ನಿದ್ದೆ ಬಂತು. ಆ ಮಾತನ್ನು ಮೊದಲೇ ಸಿದ್ಧ ಮಾಡಿಟ್ಟುಕೊಳ್ಳಿ.

ಕೋರಿಕೆ ಸಲ್ಲಿಸಿದ ತಾಯಿ, ಐದು ವಾರಗಳ ಬಳಿಕ

ಉತ್ತರಿಸಿದ ಎಲ್ಲರಿಗೂ ನಮಸ್ಕಾರ. ನಿದ್ದೆಯ ಮಾತನ್ನು ನೆನಪಿಟ್ಟುಕೊಂಡು ಮೊದಲ ವಾರ ನಾನು ಮಗಳ ಕೋಣೆಯಲ್ಲಿಯೇ ಮಲಗಿದೆ. ಅವಳು ನೆಮ್ಮದಿಯಿಂದ ಮಲಗಿದಳು. ಆಮೇಲೆ ಇಬ್ಬರೂ ಕೂಡಿ ಓದತೊಡಗಿದೆವು. ಮಾಮಾಳ ಮಾತುಗಳನ್ನು ನಾನು ಓದಬೇಕು, ಎಮ್ಮಾಳ ಮಾತುಗಳನ್ನು ಅವಳು ಓದಬೇಕು ಎಂದು ಅವಳೇ ಹಂಚಿದಳು. ಮಾಮಾಳನ್ನು ಓದುವುದು ನನಗೆ ಸುಲಭವಾಗಿರಲಿಲ್ಲ. ಎಮ್ಮಾಳ ಕಾಲು ಮುರಿಯುವ ಪುಟದಲ್ಲಿ ನನ್ನ ಧ್ವನಿ ಹೊರಡಲಿಲ್ಲ. ಅವಳು ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು ಎರಡೂ ಧ್ವನಿಯಲ್ಲಿ ತಾನೇ ಓದಿದಳು.

ಕಡತವನ್ನೂ ತೋರಿಸಿದೆವು. ಅದರಲ್ಲಿ ಅವಳು ಹೆಚ್ಚು ಹೊತ್ತು ನೋಡಿದ್ದು ಆದೇಶವನ್ನಲ್ಲ, ಅವಳು ಸಂಸ್ಥೆಗೆ ಬಂದ ದಿನ ದಾಖಲಿಸಿದ ತೂಕ. “ಇಷ್ಟೇ ಇದ್ನಾ?” ಎಂದು ಎರಡು ಸಲ ಕೇಳಿದಳು. ಅಲ್ಲಿ ಅವಳನ್ನು ಎತ್ತಿಕೊಂಡು ಗೇಟಿನವರೆಗೆ ಬಂದ ಆಯಾ, ಕಾರಿನ ಕಿಟಕಿಯಿಂದ ಕೈಹಾಕಿ ಅವಳ ಕೆನ್ನೆ ಮುಟ್ಟಿದ್ದನ್ನು, ಆಮೇಲೆ ನಮ್ಮ ಕಡೆ ತಿರುಗಿ ಅವಳಿಗೆ ಮೊಸರನ್ನದ ಜೊತೆ ಉಪ್ಪಿನಕಾಯಿ ಬೇಕು ಎಂದದ್ದನ್ನು ಹೇಳಿದೆ. ಇಷ್ಟು ವರ್ಷ ನನಗೆ ಅದು ಹೇಳಬೇಕಾದ ಸಂಗತಿಯೆಂದು ಹೊಳೆದಿರಲಿಲ್ಲ.

ಐದನೆಯ ಸಂಪುಟ ಕಳೆದ ಶನಿವಾರ ಮುಗಿಯಿತು. ಫಿಲ್ ಗೇಟಿನೊಳಗೆ ಉಳಿದುಕೊಂಡದ್ದಕ್ಕೆ ಅವಳು ಅತ್ತಳು, ರಾಕ್ಷಸರಿಗಾಗಿ ಅಳಲಿಲ್ಲ. ಭಾನುವಾರ ಮಧ್ಯಾಹ್ನ ಕಾಗದ ಬರೆದಳು. ನಾನು ಹೇಳಿಕೊಟ್ಟದ್ದು ವಿಳಾಸ ಬರೆಯಬೇಡ ಎಂಬುದನ್ನು ಮಾತ್ರ. ತನಗೆ ಈಗ ಸೈಕಲ್ ಹೊಡೆಯಲು ಬರುತ್ತದೆ, ಮನೆಯಲ್ಲಿ ಒಂದು ಬೆಕ್ಕು ಇದೆ, ಗಣಿತ ಕಷ್ಟ, ಚಿತ್ರ ಬರೆಯುವುದು ಇಷ್ಟ ಎಂದು ಬರೆದಿದ್ದಾಳೆ. ಕೊನೆಯಲ್ಲಿ, “ಇದನ್ನು ದಯವಿಟ್ಟು ಎಲ್ಲರಿಗೂ ಕೇಳುವ ಹಾಗೆ ಜೋರಾಗಿ ಓದಿ, ಚಿಕ್ಕವರಿಗೂ” ಎಂದು ಸೇರಿಸಿ, ಕೆಳಗೆ ಬೆಕ್ಕಿನ ಚಿತ್ರ ಬಿಡಿಸಿದ್ದಾಳೆ. ಸೋಮವಾರ ಅಂಚೆಗೆ ಹಾಕಿದ್ದೇವೆ.